ಬಂದಿರಾ, ಬಂದೆಯಾ

ಲಿಯಾನ್ ನಗರದ ಗುಡ್ಡದ ಬೀದಿಯಲ್ಲಿ, ಐದನೇ ಮಹಡಿಯ ಮನೆಯೊಂದಕ್ಕೆ ಒನೊರಿನ್ ಪಾಸ್ಕೆ ಎಂಬ ವಿಧವೆ ಇಪ್ಪತ್ತಾರು ವರ್ಷ ಟೈಪಿಂಗ್ ಕೆಲಸಕ್ಕೆ ಹೋದಳು. ಮನೆ ಎತಿಯೆನ್ ಮೊಕೂರನದು. ಕಾದಂಬರಿ, ನಾಟಕ ಎರಡರಲ್ಲೂ ಹೆಸರು ಮಾಡಿದ ಒಂಟಿ ಮುದುಕ. ಅವನ ಕೈಬರಹವೋ ಕೋಳಿ ಕೆದಕಿದ ಹಾಗೆ, ಓದಬಲ್ಲವಳು ಅವಳೊಬ್ಬಳೇ. ಹಿಂದಿನ ಟೈಪಿಸ್ಟನ್ನು ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಮನೆಗೆ ಕಳಿಸಿದ್ದ ಪುಣ್ಯಾತ್ಮ ಅವನು. ಒನೊರಿನ್‌ಗೆ ಆ ಮನೆಯ ಚಿಕೋರಿ ಕಾಫಿ, ಅವನ ಗೊಣಗಾಟ ಇಲ್ಲದೆ ಬೆಳಗೇ ಆಗುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಇಬ್ಬರೂ ಒಂದು ದಿನವೂ ‘ನೀವು’ ಬಿಟ್ಟು ಮಾತಾಡಿರಲಿಲ್ಲ.

ಅವನ ಹೊಸ ನಾಟಕದ ಗಂಡಹೆಂಡಿರೂ ಹಾಗೇ. ದೊಡ್ಡ ಮನೆತನ, ಮದುವೆಯಾಗಿ ಮೂವತ್ತು ವರ್ಷ, ಇನ್ನೂ ಬಹುವಚನ. ತಾಲೀಮು ನೋಡಲು ಹೋದ ಒನೊರಿನ್, ಕೊನೆಯ ದೃಶ್ಯದಲ್ಲಿ ಹೆಂಡತಿಯ ಪಾತ್ರದವಳು ಆಡಿದ ಮಾತು ಕೇಳಿ ಕೂತಲ್ಲೇ ತಣ್ಣಗಾದಳು.

“ನೀನು ಈ ಚಳೀಲಿ ನಡ್ಕೊಂಡೇ ಬಂದೆಯಾ?”

ಕೈಬರಹ ತೆಗೆದು ನೋಡಿದರೆ ‘ನೀವು’ ಎಂದೇ ಇತ್ತು. ತಪ್ಪು ಅವಳದೇ. ಕೀಲುನೋವಿನ ಮೊಕೂರ್ ತಾಲೀಮಿಗೆ ಬರುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮೊದಲ ಪ್ರದರ್ಶನದವರೆಗಾದರೂ ಕೆಲಸ ಉಳಿಯುತ್ತಿತ್ತು. ಆದರೆ ತುಂಬಿದ ಸಭೆಯಲ್ಲಿ ಅವನ ಮುಖ ಸಣ್ಣದಾಗುವುದನ್ನು ನೆನೆಸಿಕೊಳ್ಳಲೂ ಅವಳಿಂದಾಗಲಿಲ್ಲ.

ಮರುದಿನ ಕೋಟು ಕಳಚುವ ಮೊದಲೇ ಹೇಳಿದಳು. “ಮಸ್ಯೂ, ಕೊನೇ ದೃಶ್ಯದಲ್ಲಿ ‘ನೀವು’ ಇದ್ದಲ್ಲಿ ‘ನೀನು’ ಹೊಡೆದುಬಿಟ್ಟಿದೀನಿ. ಬೆರಳು ಜಾರ್ತು.”

ಮೊಕೂರ್ ಅವಳು ಟೈಪ್ ಮಾಡಿದ್ದ ಹಾಳೆಯ ಮೇಲೆ ಭೂತಗನ್ನಡಿ ಹಿಡಿದು ನೋಡಿದ.

“ಬೆರಳು ಜಾರಿದ್ರೆ ಒಂದಕ್ಷರ ಹೋಗುತ್ತೆ ಮದಾಮ್. ನೀವು ‘ಬಂದಿರಾ’ನೂ ‘ಬಂದೆಯಾ’ ಮಾಡಿದೀರಿ.”

ಅವಳ ಕಿವಿ ಕೆಂಪಾಯಿತು. “ಬೇರೆ ಟೈಪಿಸ್ಟನ್ನ ನೋಡ್ಕೊಳ್ತೀರಾ?”

“ತಲೆ ಕೆಟ್ಟಿದೆಯಾ ನಿಮಗೆ? ಆ ದೃಶ್ಯಕ್ಕೆ ಏನು ಕಮ್ಮಿ ಅಂತ ಎರಡು ವರ್ಷದಿಂದ ಒದ್ದಾಡ್ತಿದ್ದೆ. ಇದೇ ಕಮ್ಮಿ ಇದ್ದಿದ್ದು. ಹಾಗೇ ಇರ್ಲಿ.” ಅವನು ಅವಳತ್ತ ನೋಡದೆ ಕಿಟಕಿಯ ಕಡೆ ತಿರುಗಿದ. “ಕಾಫಿ ಆರ್ತಿದೆ. ನೀವು ಕೂತ್ಕೊಳ್ಳಿ.”

ಕೆಲಸ ಉಳಿಯಿತು. ಆದರೆ ಆ ‘ನೀವು’ ಎದೆಗೆ ನಾಟಿತು. ನಾಟಕದ ಹೆಂಗಸಿಗೆ ದಕ್ಕಿದ್ದು ತನಗೆ ದಕ್ಕಲಿಲ್ಲವಲ್ಲ ಎಂದು ಅವಳಿಗೆ ಅಳುವೇ ಬಂತು. ಕೋಟನ್ನು ಗೂಟಕ್ಕೆ ಹಾಕುವ ನೆಪದಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಯಂತ್ರದ ಮುಂದೆ ಕೂತು, ಹಾಳೆ ಏರಿಸಿದಳು.

“ನೀವು ಹೇಳಿ ಮಸ್ಯೂ, ಎಲ್ಲಿಗೆ ನಿಲ್ಲಿಸಿದ್ವಿ?”