ಒಬ್ಬರು ಮನೆಯಲ್ಲಿರಬೇಕು

ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಗೆ ಕಳ್ಳರು ನುಗ್ಗಿದಾಗ ಮಗಳು ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಳು. ಗೆಳೆಯರೊಬ್ಬರ ಗೃಹಪ್ರವೇಶಕ್ಕೆಂದು ಶನಿವಾರ ಬಾಸ್ಟನ್ ಕಡೆ ಹೋಗಿ ಭಾನುವಾರ ಸಂಜೆ ವಾಪಸಾಗಿದ್ದೆವು. ಗರಾಜಿನಿಂದ ಅಡುಗೆಮನೆಗೆ ಕಾಲಿಟ್ಟರೆ ಪಾದದಡಿ ಕರಕರ ಎಂದಿತು. ನೆಲದ ತುಂಬ ಅಕ್ಕಿ. ಹಿಂದಿನ ಗಾಜಿನ ಬಾಗಿಲನ್ನು ಮೀಟಿ ಒಳಬಂದವರು ಅಕ್ಕಿ ಬೇಳೆ ಡಬ್ಬಗಳನ್ನೆಲ್ಲ ಬೋರಲು ಹಾಕಿದ್ದರು. ನಮ್ಮವರು ಒಡವೆಯನ್ನು ಎಲ್ಲಿ ಬಚ್ಚಿಡುತ್ತಾರೆಂದು ಅವರಿಗೆ ಗೊತ್ತಿತ್ತು. ನನ್ನ ಹೆಂಡತಿ ಬಚ್ಚಿಟ್ಟಿದ್ದೂ ಅಲ್ಲೇ. ಅವಳ ತಾಯಿಯ ಬಳೆಗಳು, ಮದುವೆಯ ಅವಲಕ್ಕಿ ಸರ, ಮಗಳ ನಾಮಕರಣಕ್ಕೆ ಬಂದಿದ್ದ ಪುಟ್ಟ ಉಂಗುರಗಳು, ಎಲ್ಲ ಹೋದವು.

ವಿಚಾರಿಸಲು ಬಂದ ಪೊಲೀಸ್ ಅಧಿಕಾರಿ ಸೌಮ್ಯ ಸ್ವಭಾವದವನು. ಮುಂಬಾಗಿಲ ಹೊರಗೆ ಸಾಲಾಗಿದ್ದ ನಮ್ಮ ಚಪ್ಪಲಿಗಳನ್ನು ನೋಡಿ, ಇಂಥವನ್ನು ಕಂಡೇ ಅವರು ಮನೆ ಆರಿಸುತ್ತಾರೆ ಎಂದ. ಅವನು ಹೋದ ಮೇಲೆ ಹೆಂಡತಿ ಅಕ್ಕಿಯನ್ನೆಲ್ಲ ಗುಡಿಸಿ ಕಸದ ಚೀಲಕ್ಕೆ ತುಂಬತೊಡಗಿದಳು.

"ತೊಳೆದು ಬಳಸಬಹುದಲ್ಲ," ಎಂದೆ.

"ಅವರು ಕೈ ಹಾಕಿದ್ದು ನನಗೆ ಬೇಡ." ಗುಡಿಸುವುದನ್ನು ನಿಲ್ಲಿಸದೆ ಹೇಳಿದಳು, "ರೀ, ಇನ್ಮೇಲೆ ನಾವು ಎಲ್ಲಿಗೇ ಹೋದ್ರೂ ಯಾರಾದ್ರೂ ಒಬ್ರು ಮನೇಲಿರ್ಬೇಕು."

ಹೂಂ ಎಂದೆ. ಒಂದೆರಡು ತಿಂಗಳಲ್ಲಿ ಮರೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮರೆಯಲಿಲ್ಲ.

ಅಲ್ಲಿಂದ ಮುಂದೆ ನಾವಿಬ್ಬರೂ ಒಟ್ಟಿಗೆ ವಿಮಾನ ಹತ್ತಲೇ ಇಲ್ಲ. ಅವಳ ತಂದೆ ತೀರಿಕೊಂಡಾಗ ಅವಳೊಬ್ಬಳೇ ಹೋದಳು. ನನ್ನ ಅಣ್ಣನ ಷಷ್ಟಿಪೂರ್ತಿಗೆ ನಾನೊಬ್ಬನೇ ಹೋದೆ. ಒಬ್ಬರನ್ನು ನ್ಯೂವರ್ಕ್ ಏರ್‌ಪೋರ್ಟಿನಲ್ಲಿ ಇಳಿಸಿ ಇನ್ನೊಬ್ಬರು ಮನೆ ಕಾಯಲು ಡ್ರೈವ್ ಮಾಡಿಕೊಂಡು ಬರುವುದು ರೂಢಿಯಾಯಿತು. ಅಲಾರಂ ಬಂತು, ಮುಂದೆ ಹಿಂದೆ ಕ್ಯಾಮೆರಾ ಬಂದವು. ಗಾಜಿನ ಬಾಗಿಲು ಜಾರದಂತೆ ಅದರ ಹಳಿಯಲ್ಲಿ ಹಳೆಯ ಪೊರಕೆಯ ಕೋಲು ಕತ್ತರಿಸಿ ಇಟ್ಟೆ. ಚಪ್ಪಲಿಗಳು ಒಳಗೆ ಬಂದವು. ಉಳಿದಿದ್ದ ಸ್ವಲ್ಪ ಚಿನ್ನ ಬ್ಯಾಂಕಿನ ಲಾಕರ್ ಸೇರಿತು. ಕದಿಯುವಂಥದ್ದೇನೂ ಮನೆಯಲ್ಲಿ ಉಳಿದಿರಲಿಲ್ಲ. ಆದರೂ ಒಬ್ಬರು ಕಾಯಲೇಬೇಕಿತ್ತು. ವಾದಿಸಿ ವಾದಿಸಿ ನನಗೂ ಸುಸ್ತಾಗಿತ್ತು.

ಕಳೆದ ಚಳಿಗಾಲ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗಳ ಮದುವೆ. ಸೋದರಮಾವನಾಗಿ ಹುಡುಗಿಯನ್ನು ನಾನೇ ಮಂಟಪಕ್ಕೆ ಕರೆತರಬೇಕು.

"ಇಬ್ರೂ ಬರೋದಾದ್ರೆ ಬನ್ನಿ. ಇಲ್ದಿದ್ರೆ ನೀನೂ ಬರಬೇಡ," ಎಂದಳು ಅಕ್ಕ. ಫೋನ್ ಸ್ಪೀಕರಿನಲ್ಲಿತ್ತು. ಹೆಂಡತಿ ಕೇಳಿಸಿಕೊಂಡಳು.

ದಾರಿ ತೋರಿಸಿದ್ದು ಮಗಳು. ಅವಳೀಗ ಮ್ಯಾನ್‌ಹಟನ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಗೆಳತಿಯರೊಂದಿಗೆ ಇರುತ್ತಾಳೆ. ನಾವು ಬರುವವರೆಗೂ ನಮ್ಮ ಮನೆಯಲ್ಲೇ ಇದ್ದು ಬಸ್ಸಿನಲ್ಲಿ ಕಮ್ಯೂಟ್ ಮಾಡುತ್ತೇನೆ ಎಂದಳು. "ಐ ವಿಲ್ ಮ್ಯಾನೇಜ್, ಅಪ್ಪ."

ಮಗಳು ಕೆಲಸಕ್ಕೆ ಹೋದರೆ ಹಗಲೆಲ್ಲ ಮನೆ ಖಾಲಿಯೆಂದು ಏನೇನೋ ಏರ್ಪಾಡು ಮಾಡಿ ಹೊರಡುವ ಮುನ್ನವೇ ದಣಿದುಹೋದೆವು. ಅಂಚೆ ನಿಲ್ಲಿಸಿದ್ದಾಯಿತು. ದೀಪಗಳಿಗೆ ಟೈಮರ್ ಹಾಕಿದ್ದಾಯಿತು. ಪಕ್ಕದ ಮನೆಯ ಮುದುಕರು ತಮ್ಮ ಎರಡನೆಯ ಕಾರನ್ನು ನಮ್ಮ ಡ್ರೈವ್‌ವೇಯಲ್ಲಿ ನಿಲ್ಲಿಸಲು ಒಪ್ಪಿದರು. ಸ್ನೋ ತೆಗೆಯುವವನಿಗೆ, ಎಷ್ಟು ಕಡಿಮೆ ಬಿದ್ದರೂ ಬಂದು ತೆಗೆ ಎಂದು ಹೇಳಿದೆ. ಗುರುತು ಮೂಡದ ಹಿಮ ಖಾಲಿ ಮನೆಯನ್ನು ಸಾರಿ ಹೇಳುತ್ತದೆ. ಮದುವೆಯ ಫೋಟೋ ಎಲ್ಲಿಯೂ ಹಾಕಬೇಡಿ ಎಂದು ಹೆಂಡತಿ ನೆಂಟರನ್ನೆಲ್ಲ ಬೇಡಿಕೊಂಡಳು.

ಮೈಸೂರಿನಲ್ಲಿ ಚಪ್ಪರದ ಕೆಳಗೆ ಅರಿಶಿನ ಶಾಸ್ತ್ರ ನಡೆಯುತ್ತಿದ್ದರೆ ಅವಳ ಕಣ್ಣು ಫೋನಿನ ಮೇಲೆ. ನಮ್ಮ ಬೆಳಗಿನ ಕಾಫಿಯ ಹೊತ್ತಿಗೆ ಅಲ್ಲಿ ಸಂಜೆ. ಕ್ಯಾಮೆರಾದಲ್ಲಿ ಮಗಳು ಒಳಗೆ ಹೋಗುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಬ್ಯಾಗ್ ಹೆಗಲಿಗೇರಿಸಿ ಹೊರಗೆ ಬಂದು ಯಾರದೋ ಕಾರು ಹತ್ತುವುದೂ ಕಂಡಿತು. ಮರುದಿನವೂ ಅದೇ. ಹೆಂಡತಿ ತಕ್ಷಣ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಎಲ್ಲಿ ಮಲಗ್ತಿದೀಯ ನೀನು?"

"ಇಲ್ಲೇ ಹತ್ತಿರ, ಎಡಿಸನ್‌ನಲ್ಲಿ. ಫ್ರೆಂಡ್ ಮನೇಲಿ."

"ಮನೇಲಿ ಇರ್ತೀನಿ ಅಂತ ನೀನೇ ತಾನೆ ಹೇಳಿದ್ದು?"

"ಐ ಟ್ರೈಡ್, ಅಮ್ಮ. ಫಸ್ಟ್ ನೈಟ್ ಇದ್ದೆ. ಐ ಕಾಂಟ್ ಸ್ಲೀಪ್ ಇನ್ ದಟ್ ರೂಮ್. ಅವತ್ತು ನೀನು ಕಿಚನ್‌ನಲ್ಲಿದ್ದೆ, ಅಪ್ಪ ಪೊಲೀಸ್ ಜೊತೆ ಮಾತಾಡ್ತಿದ್ರು. ನನ್ನ ಡ್ರಾಯರ್‌ನಲ್ಲಿ ಇದ್ದಿದ್ದೆಲ್ಲ ಆ ಕಳ್ಳರು ಬೆಡ್ ಮೇಲೆ ಸುರಿದಿದ್ರು. ನನ್ನ ಬಟ್ಟೆ, ಎವ್ರಿಥಿಂಗ್. ನಾನೊಬ್ಳೇ ಎಲ್ಲಾ ಮಡಚಿ ಇಟ್ಟೆ."

ಕೋಪವಿರಲಿಲ್ಲ ಆ ದನಿಯಲ್ಲಿ. ಯಾರದೋ ಕಾಯಿಲೆಯ ವಿವರ ಹೇಳುವಂತಿತ್ತು. ಇಷ್ಟು ವರ್ಷಗಳಲ್ಲಿ ಅವಳು ಇದನ್ನು ಎತ್ತಿದ್ದು ಅದೇ ಮೊದಲು.

ಹೆಂಡತಿ ಮೆಲ್ಲಗೆ ಕುರ್ಚಿಯ ಮೇಲೆ ಕೂತಳು. ಒಳಗಿನಿಂದ ಯಾರೋ ತಿಂಡಿಗೆ ಕರೆದರು. ಅವಳಿಗೆ ಕೇಳಿಸಲಿಲ್ಲ.

"ಸರಿ," ಎಂದಳು ಕೊನೆಗೆ. "ಇನ್ಮೇಲೆ ಅಲ್ಲಿಗೆ ಹೋಗ್ಬೇಡ."

"ಮನೆ?"

"ಇರುತ್ತೆ ಬಿಡು."

ಫೋನ್ ಇಟ್ಟು ನನ್ನ ಕಡೆ ತಿರುಗಿದಳು. "ಆ ಕ್ಯಾಮೆರಾ ಅಲರ್ಟು ಎರಡೂ ಫೋನಲ್ಲಿ ಆಫ್ ಮಾಡಿಬಿಡಿ. ನನಗೆ ಸಾಕಾಗಿದೆ."

ಮಾಡಿದೆ. ಧಾರೆಯ ದಿನ ಅಕ್ಕನ ಮಗಳನ್ನು ಮಂಟಪಕ್ಕೆ ಕರೆತರುವಾಗ ಹೆಂಡತಿ ನನ್ನ ಪಕ್ಕದಲ್ಲೇ ನಡೆದಳು. ಖುಷಿಯಾಗಿದ್ದಳೆಂದು ಹೇಳಲಾರೆ. ಬಹಳ ದಿನ ಹೊತ್ತ ಮೂಟೆಯನ್ನು ಇಳಿಸಿದವರಿಗೆ ಹೆಗಲು ಇನ್ನೂ ನೋಯುತ್ತದಲ್ಲ, ಹಾಗಿದ್ದಳು.

ವಾಪಸು ಬಂದಾಗ ಮಗಳೇ ಏರ್‌ಪೋರ್ಟಿಗೆ ಬಂದಿದ್ದಳು. ಮನೆ ತಣ್ಣಗೆ ಕೊರೆಯುತ್ತಿತ್ತು, ಆದರೆ ಬಿಟ್ಟುಹೋದ ಹಾಗೆಯೇ ಇತ್ತು. ಯಾರೂ ಬಂದಿರಲಿಲ್ಲ. ಹೀಟರ್ ಹಾಕಿ ನೋಡಿದರೆ ತಾಯಿ ಮಗಳು ಇಬ್ಬರೂ ಮಹಡಿಯ ಮೇಲೆ ಮಗಳ ಹಳೆಯ ರೂಮಿನಲ್ಲಿದ್ದರು. ನಾನು ಮೆಟ್ಟಿಲ ಮೇಲೆ ನಿಂತೆ.

"ಈ ರೂಮಿಗೆ ಬೇರೆ ಪೇಂಟ್ ಹೊಡೆಸೋಣ್ವಾ? ಮಂಚಾನೂ ಬದಲಾಯಿಸೋಣ," ಎನ್ನುತ್ತಿದ್ದಳು ಹೆಂಡತಿ.

"ಇಟ್ಸ್ ಓಕೆ, ಅಮ್ಮ. ನಾನಿಲ್ಲಿ ಇರೋದಿಲ್ವಲ್ಲ."

ಹೆಂಡತಿ ಮಗಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಮೇಲೆ ಮೂವರೂ ಕೆಳಗಿಳಿದು, ಸೂಟ್‌ಕೇಸ್ ಬಿಚ್ಚದೆ, ಕೋಟು ಕಳಚದೆ, ಮಗಳು ದಾರಿಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ಇಡ್ಲಿಯನ್ನು ಬಿಸಿ ಮಾಡದೆಯೇ ತಿಂದೆವು.