ಸೊಂಟ ಅಲುಗಿಸಬ್ಯಾಡ

ಇದನ್ನು ಬರೆಯಲು ಹಲವು ಸಲ ಕೂತಿದ್ದೇನೆ. ಪ್ರತಿ ಸಲವೂ ನನ್ನ ಕಬಡ್ಡಿಯ ದಿನಗಳನ್ನೋ, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಕಾಲವನ್ನೋ ನಾಲ್ಕು ಪುಟ ಬರೆದು ಎದ್ದುಬಿಟ್ಟಿದ್ದೇನೆ. ಹೇಳಬೇಕಾದದ್ದು ಅದಲ್ಲ. ಮುಂದೂಡುತ್ತ ಮುಂದೂಡುತ್ತ ಎಪ್ಪತ್ತು ದಾಟಿತು. ಇನ್ನು ಅಡ್ಡದಾರಿ ಹಿಡಿಯದೆ ಹೇಳುತ್ತೇನೆ.

ನಾನು ಹತ್ತನೆಯ ತರಗತಿ ಪಾಸಾದವನು. ಶಹಾಪುರದ ಒಂದು ಮೈದಾನದಲ್ಲಿ ಕಾವಲುಗಾರನಾಗಿದ್ದೆ. ನಿವೃತ್ತನಾದ ಮೇಲೂ ಬೆಳಿಗ್ಗೆ ಕಾಲು ಅಲ್ಲಿಗೇ ಎಳೆಯುತ್ತಿತ್ತು. ಅಂಗವಿಕಲರಿಗೆ ಗುಂಡು ಎಸೆಯಲು ಕಲಿಸುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನೇ ಕೋಚ್ ಆದೆ. ನನಗೆ ಗೊತ್ತಿದ್ದ ವಿದ್ಯೆ ಬೈಯುವುದೊಂದೇ. ಬೈದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಗುಂಡು ದೂರ ಹೋಗುತ್ತದೆ ಎಂದು ನಂಬಿದ್ದೆ.

ಗೋಗಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಸಣ್ಣವಳಿದ್ದಾಗ ಜ್ವರ ಬಂದು ಎರಡೂ ಕಾಲಿನ ಬಲ ಹೋಗಿತ್ತು. ತಂದೆ ಇರಲಿಲ್ಲ, ತಾಯಿ ಬಟ್ಟೆ ಹೊಲಿಯುತ್ತಿದ್ದಳು. ಗಾಲಿಕುರ್ಚಿಯನ್ನು ಶೇರ್ ಆಟೋದ ಹಿಂದೆ ಕಟ್ಟಿಸಿಕೊಂಡು ಬರುವ ಹುಡುಗಿ ನನ್ನನ್ನು ಕಾಕಾ ಎನ್ನುತ್ತಿದ್ದಳು. ನಾನು ಖುಷಿಯಾದಾಗ ಬೇಟಿ ಎನ್ನುತ್ತಿದ್ದೆ, ಉಳಿದ ಹೊತ್ತೆಲ್ಲ ಲಂಗಡಿ. ಕುಂಟಿ ಎನ್ನುವುದಕ್ಕೆ ಅವರ ಮನೆಮಾತಿನ ಶಬ್ದ ಅದು. ಮನೆಮಾತಿನಲ್ಲೇ ಅಂದರೆ ಹೆಚ್ಚು ತಾಕುತ್ತದೆ ಎಂದು ಬೇಕೆಂದೇ ಆರಿಸಿಕೊಂಡಿದ್ದೆ.

"ಏ ಲಂಗಡಿ, ನಮ್ಮ ಮನಿ ಮುದುಕಿ ಎಲಿಅಡಕಿ ಉಗುಳಿದ್ರ ನಿನ್ನ ಗುಂಡಿಗಿಂತ ದೂರ ಹೋಗ್ತದ."

"ಹಂಗಾರ ಮುದುಕಿನ್ನೇ ಕರ್ಕೊಂಡು ಬರ್ರಿ ಕಾಕಾ. ಪದಕ ಆಕಿ ಕೊರಳಿಗೇ ಹಾಕೋಣು."

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಯಾದಗಿರಿಯಿಂದ ಭಾನುವಾರಕ್ಕೊಮ್ಮೆ ಒಬ್ಬ ಹೆಣ್ಣುಮಗಳು ಬರತೊಡಗಿದಳು. ದೇಹ ಹೇಗೆ ಚಲಿಸುತ್ತದೆ, ಬಲ ಯಾವ ಕೀಲಿನಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೇ ಓದಿದವಳು. ನಾವು ಡಾಕ್ಟರ್‌ಬಾಯಿ ಎನ್ನುತ್ತಿದ್ದೆವು. ಯಂತ್ರಗಿಂತ್ರ ಏನೂ ತರಲಿಲ್ಲ. ಹಣೆಗೆ ಹಚ್ಚುವ ಟಿಕಳಿಗಳನ್ನೇ ಹುಡುಗಿಯ ಭುಜ, ಮೊಣಕೈ, ಸೊಂಟದ ಮೇಲೆ ಅಂಟಿಸಿ, ಅವಳು ಎಸೆಯುವುದನ್ನು ಪಕ್ಕದಿಂದ ಮೊಬೈಲಿನಲ್ಲಿ ತೆಗೆದು, ನಿಧಾನ ಮಾಡಿ ತೋರಿಸುತ್ತಿದ್ದಳು. ಹೆಣ್ಣುಮಕ್ಕಳ ಆಟ ಎಂದು ನಾನು ಮೂಗು ಮುರಿದೆ.

"ಇಲ್ಲಿ ನೋಡ್ರಿ," ಅಂದಳು ಒಂದು ಭಾನುವಾರ. "ಕೈ ಏಳೂಕಿಂತ ಮೊದಲ ಸೊಂಟದ ಟಿಕಳಿ ಸರೀತದ. ಒಂದು ಬಟ್ಟಿನಷ್ಟು," ಎಂದು ಬೆರಳಿನ ಅಗಲ ತೋರಿಸಿದಳು.

"ಹೊಟ್ಟಿಗಿ ಕಟ್ಟಿದ ಪಟ್ಟಿ ಸಡಲ ಆಗಿರಬೇಕು," ಅಂದೆ.

"ಪಟ್ಟಿ ಅಲ್ರಿ, ಸ್ನಾಯು. ಇಲ್ಲಿ ಜೀವ ಅದ."

ಹುಡುಗಿ ಮೊಬೈಲು ಕಸಿದುಕೊಂಡು ಮತ್ತೆ ಮತ್ತೆ ನೋಡಿದಳು. "ಸೊಂಟದ ಕೆಳಗ ಎಲ್ಲಾ ಸತ್ತದ ಅಂದಿದ್ರಲ್ರಿ ನನಗ," ಅಂದಳು. ಯಾರು ಅಂದಿದ್ದರು ಎಂದು ನಾವು ಕೇಳಲಿಲ್ಲ. ಎಲ್ಲರೂ ಅಂದಿದ್ದರು.

ಎಸೆಯುವಾಗ ಕುರ್ಚಿಯಿಂದ ಅವಳು ಬೀಳಬಾರದೆಂದು ನಾನು ಹೊಟ್ಟೆಗೆ ಅಡ್ಡಲಾಗಿ ಪಟ್ಟಿ ಬಿಗಿದು, ಬೆನ್ನಿಗೆ ಎತ್ತರದ ಹಲಗೆ ಕೊಟ್ಟಿದ್ದೆ. ಡಾಕ್ಟರ್‌ಬಾಯಿ ಸೊಂಟ ತಿರುಗಲೆಂದು ಆ ಪಟ್ಟಿಯನ್ನು ತೊಡೆಗೆ ಇಳಿಸಿದಳು, ಹಲಗೆಯನ್ನು ಕತ್ತರಿಸಿ ಗಿಡ್ಡ ಮಾಡಿಸಿದಳು. ಮೊದಲು ಗುಂಡೇ ಇಲ್ಲದೆ ಬರೀ ಸೊಂಟ ತಿರುಗಿಸುವುದು, ಆಮೇಲೆ ಹಗುರ ಚೆಂಡು, ಕಡೆಗೆ ಗುಂಡು. ಭುಜ ನೋವಾದ ದಿನ ಎಸೆತ ಬಂದ್. "ಬೈಯೂದು ಕಡಿಮಿ ಮಾಡ್ರಿ ಕಾಕಾ, ನೋಡೂದು ಜಾಸ್ತಿ ಮಾಡ್ರಿ," ಎಂದು ನನಗೂ ಪಾಠ ಹೇಳಿದಳು. ಮುಂದಿನ ವರ್ಷದ ಹೊತ್ತಿಗೆ ಗುಂಡು ಹಳೆಯ ಗುರುತಿಗಿಂತ ಒಂದು ಮೊಳ ಆಚೆ ಬೀಳತೊಡಗಿತು.

ಈ ಆಟಗಳಲ್ಲಿ ಒಂದು ಪದ್ಧತಿ ಇದೆ. ಸ್ಪರ್ಧೆಗೆ ಮೊದಲು ಪರೀಕ್ಷಕರು ಆಟಗಾರರನ್ನು ಮೇಜಿನ ಮೇಲೆ ಕೂಡಿಸಿ, ಯಾವ ಅಂಗಕ್ಕೆ ಎಷ್ಟು ಬಲ ಇದೆ ಎಂದು ಒತ್ತಿ ನೋಡಿ ಗುಂಪು ಮಾಡುತ್ತಾರೆ. ಸೊಂಟ ಆಡುವವರದು ಒಂದು ಗುಂಪು, ಆಡದವರದು ಇನ್ನೊಂದು. "ಈಗ ಆಕಿ ಗಟ್ಟಿ ಮಂದಿ ಗುಂಪಿಗೆ ಹೋಗ್ತಾಳ," ಅಂದಳು ಡಾಕ್ಟರ್‌ಬಾಯಿ. "ಈ ಸಲ ಪದಕ ಬರೂದಿಲ್ಲ. ಎರಡು ವರ್ಷ ತಾಳ್ರಿ, ಬರ್ತದ." ನನಗೆ ತಾಳ್ಮೆ ಇರಲಿಲ್ಲ. ಹಳೆಯ ಗುಂಪಿನಲ್ಲಾದರೆ ಅವಳದೇ ಮೊದಲ ಸ್ಥಾನ, ಪೇಪರಿನಲ್ಲಿ ಅವಳ ಪಕ್ಕ ನನ್ನ ಫೋಟೊ.

ಇನ್ನೊಂದು ಮಾತು. ನಮ್ಮ ಕಡೆ ಅಂಗವಿಕಲರು ಸಿಕ್ಕರೆ "ನಿಂದು ಎಷ್ಟು ಪರ್ಸೆಂಟ್?" ಎಂದು ಕೇಳುತ್ತಾರೆ. ಪ್ರಮಾಣಪತ್ರದ ಕ್ಯಾಂಪಿನಲ್ಲಿ ಡಾಕ್ಟರು ಬರೆಯುವ ಅಂಕಿ ಅದು. ಅದು ಹೆಚ್ಚಾದರೆ ಮಾಸಾಶನ, ಕಡಿಮೆಯಾದರೆ ಬರಿಗೈ. ಅದಕ್ಕೆ ಡಾಕ್ಟರ ಮುಂದೆ ಎರಡು ಪಾಲು ಕುಂಟಬೇಕು ಎಂಬುದು ಎಲ್ಲರಿಗೂ ಗೊತ್ತು. ಎಷ್ಟೋ ಜನರನ್ನು ನಾನೇ ಕರೆದುಕೊಂಡು ಹೋಗಿ, ದಾರಿಯಲ್ಲಿ ಕುಂಟುವುದನ್ನು ಕಲಿಸಿದ್ದೆ. ಆಟದ ಮೇಜೂ ನನಗೆ ಇನ್ನೊಂದು ಪರ್ಸೆಂಟ್ ಕ್ಯಾಂಪಾಗಿಯೇ ಕಂಡಿತು.

ಸ್ಪರ್ಧೆಗೆ ಹೊರಟು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಅವಳಿಗೆ ಹೇಳಿದೆ. "ನಾಳಿ ಮೇಜಿನ ಮ್ಯಾಲೆ ಸೊಂಟ ಅಲುಗಿಸಬ್ಯಾಡ. ಸತ್ತಂಗ ಕೂಡು."

"ಝೂಟ್ ಆಗ್ತದಲ್ರಿ ಕಾಕಾ."

"ಪರ್ಸೆಂಟ್ ಕ್ಯಾಂಪಿನಾಗ ಏನ್ ಮಾಡಿದ್ದಿ?"

"ಆವಾಗ ಅಲುಗ್ತದಂತ ನನಗ ಗೊತ್ತೇ ಇರಲಿಲ್ರಿ."

ನಾನು ನನಗೆ ಗೊತ್ತಿದ್ದ ವಿದ್ಯೆಗೇ ಮರಳಿದೆ, ಬೈದೆ. "ನಿಮ್ಮವ್ವ ಕಣ್ಣು ಕಳಕೊಂಡು ಹೊಲದು ನಿನ್ನ ಕಳಿಸ್ಯಾಳ. ಬರಿಗೈಲೇ ಹೋಗಿ ಆಕಿ ಮುಂದ ಕುಂದರ್ತಿ? ನಾಳಿ ಸೊಂಟ ಅಲುಗಿತಂದ್ರ ಮೈದಾನದಾಗ ಕಾಲಿಡಬ್ಯಾಡ. ಹೆಂಗೂ ಇಡಾಕ ನಿನಗ ಕಾಲಿಲ್ಲ." ಆಮೇಲೆ, "ಯಾರು ಕೇಳಿದ್ರೂ ನನ್ನ ಹೆಸರು ಹೇಳಬ್ಯಾಡ," ಅಂದೆ. ಅವಳು ತಲೆಯಾಡಿಸಿದಳು.

ಮೇಜಿನ ಮೇಲೆ ಅವಳು ಸತ್ತಂತೆಯೇ ಕೂತಳು. ನಾನು ಬಯಸಿದ ಗುಂಪೇ ಸಿಕ್ಕಿತು.

ಮರುದಿನ ಸ್ಪರ್ಧೆ. ಮೊದಲ ಎರಡು ಎಸೆತಗಳಲ್ಲಿ ಅವಳು ಮೇಜಿನ ಮೇಲೆ ಕೂತಂತೆಯೇ ಸೊಂಟ ಕದಲಿಸಲಿಲ್ಲ. ಗುಂಡು ಹತ್ತಿರದಲ್ಲೇ ಬಿತ್ತು. ಉಳಿದವರು ಮುಂದೆ ಹೋದರು. ನನಗೆ ತಡೆಯಲಾಗಲಿಲ್ಲ. ಹಗ್ಗದ ಆಚೆಯಿಂದ, ಅಷ್ಟು ಜನರ ನಡುವೆ, "ಏ ಲಂಗಡಿ!" ಎಂದು ಕೂಗಿದೆ. ಅವಳ ಮುಖ ಕೆಂಪಾಯಿತು. ಮೂರನೆಯ ಸಲ ಸೊಂಟ ತಾನಾಗಿ ತಿರುಗಿತು. ಗುಂಡು ಎಲ್ಲರದಕ್ಕಿಂತ ದೂರ ಹೋಯಿತು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಪಕ್ಕದಲ್ಲಿ ಪರೀಕ್ಷಕರು ವಿಡಿಯೊ ತೆಗೆಯುತ್ತಿದ್ದುದು ನನಗೆ ಕಂಡಿರಲಿಲ್ಲ.

ನಮ್ಮಿಬ್ಬರನ್ನೂ ಒಳಗೆ ಕರೆದರು. "ನಿನ್ನೆ ಆಡದ ಸೊಂಟ ಇವತ್ತು ಹೇಗಮ್ಮಾ ಆಡಿತು? ಯಾರು ಹೇಳಿಕೊಟ್ಟರು?" ಎಂದು ಹಿರಿಯ ಪರೀಕ್ಷಕರು ಕೇಳಿದರು. ಅವಳು ನೆಲ ನೋಡಿದಳು. "ಕೋಚ್ ಹೇಳಿಕೊಟ್ಟಿದ್ದರೆ ಅವರನ್ನೂ ಹೊರಗೆ ಹಾಕುತ್ತೇವೆ," ಅಂದರು.

"ನನಗೇನೂ ಗೊತ್ತಿಲ್ರಿ ಸಾಹೇಬ್ರ," ಅಂದೆ ನಾನು. "ನನಗೂ ಮೋಸ ಮಾಡ್ಯಾಳ್ರಿ. ಈ ಮಂದಿ ಪರ್ಸೆಂಟ್ ಕ್ಯಾಂಪಿನಾಗೂ ಹಿಂಗ ಮಾಡ್ತಾರ್ರಿ." ಅದನ್ನೇ ಕಾಗದದ ಮೇಲೆ ಬರೆಸಿದರು. ಅವಳ ಹೆಸರು ಬರೆದು ಕೆಳಗೆ ಸಹಿ ಹಾಕಿದೆ. ಅವಳನ್ನು ವರ್ಷಗಟ್ಟಲೆ ಆಟದಿಂದ ಹೊರಗಿಟ್ಟರು.

ಯಾದಗಿರಿಯಲ್ಲಿ ಕುರ್ಚಿ ಇಳಿಸುವಾಗ ಅವಳು ಒಂದೇ ಮಾತಾಡಿದಳು. "ನಿಮ್ಮ ಹೆಸರು ಹೇಳಿಲ್ರಿ ಕಾಕಾ, ನಾ."

ಅಷ್ಟಕ್ಕೇ ಬಿಡಬಹುದಿತ್ತು. ಸುರಪುರದಲ್ಲಿ ಕೋಚ್‌ಗಳೂ ಪಾಲಕರೂ ಸೇರಿದ್ದ ಸಭೆಯಲ್ಲಿ ಯಾರೋ ಅವಳ ವಿಷಯ ಕೇಳಿದರು. ನಾನು ಮೈಕು ಹಿಡಿದು ಅದೇ ಸುಳ್ಳು ಹೇಳಿದೆ. ಡಾಕ್ಟರ್‌ಬಾಯಿ ಎದ್ದು, "ಆ ಹುಡುಗಿ ತಾನಾಗಿ ಹಂಗ ಮಾಡೂಹಂಗಿಲ್ಲ," ಅಂದಳು. "ಟಿಕಳಿ ಹಚ್ಚಿ ನಾಟಕಾ ಕಲಿಸಿದವರು ನೀವಲ್ರಿ ಬಾಯಾರ," ಅಂದೆ. ಸಭೆ ನಕ್ಕಿತು. ಆ ನಗು ಕೇಳಿ ನನಗೆ ಹಿತವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಮಾತು ಗೋಗಿಗೆ ಮುಟ್ಟಿತು. ಕೆಲವು ತಿಂಗಳ ನಂತರ ಶಹಾಪುರದಲ್ಲಿ ಶೇರ್ ಆಟೋದ ಮುಂದಿನ ಸೀಟಿನಲ್ಲಿ ಕೂತಿದ್ದೆ. ಅವಳು ಕುರ್ಚಿ ತಳ್ಳಿಕೊಂಡು ಬಂದಳು. ಡ್ರೈವರನಿಗೆ ನನ್ನ ಗುರುತಿರಲಿಲ್ಲ.

"ಎದ್ದು ನಡಕೋತ ಬಂದು ಹತ್ತವಾ," ಅಂದ. "ಕಾಲು ಛಲೋ ಅವಂತಲ್ಲ ನಿಂದು. ನಿಮ್ಮ ಕೋಚ್ ಮೈಕಿನಾಗ ಹೇಳ್ಯಾನಂತ."

ಹಿಂದೆ ಕೂತ ಇಬ್ಬರು ನಕ್ಕರು. ಅವಳು ಕಂಬಿ ಹಿಡಿದು ಮೈಯನ್ನು ತಾನೇ ಎತ್ತಿ ಒಳಗೆ ಹಾಕಿಕೊಂಡಳು. ಆಗ ನನ್ನನ್ನು ಕಂಡಳು. ನೋಡುತ್ತಲೇ ಇದ್ದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ರಸ್ತೆ ನೋಡಿದೆ. ಗೋಗಿ ಬರುವ ಮೊದಲೇ ಇಳಿದುಕೊಂಡೆ.

ಆಮೇಲೆ ಯಾರೋ ಅರ್ಜಿ ಬರೆದರು, ಅವಳ ಪರ್ಸೆಂಟ್ ಸುಳ್ಳು ಎಂದು. ಅವಳನ್ನು ಮತ್ತೆ ಕ್ಯಾಂಪಿಗೆ ಹೊತ್ತುಕೊಂಡು ಹೋಗಿ, ಕಾಲಿಗೆ ಸೂಜಿ ಚುಚ್ಚಿಸಿ ತೋರಿಸಬೇಕಾಯಿತು. ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳಂತೆ.

ಕಳೆದ ವರ್ಷ ಆಟದ ಸಂಸ್ಥೆಗೆ ನಿಜ ಬರೆದು ಕಳಿಸಿದೆ. ಶಿಕ್ಷೆಯ ಅವಧಿ ಮುಗಿದಿದೆ, ಅವಳು ಬೇಕಾದರೆ ಬರಬಹುದು ಎಂದು ಉತ್ತರ ಬಂತು. ಯಾದಗಿರಿಗೆ ಹೋಗಿ ಡಾಕ್ಟರ್‌ಬಾಯಿಗೆ ಕೈ ಮುಗಿದೆ.

"ಮತ್ತ ಎಸೀಬಹುದೇನ್ರಿ ಆಕಿ?" ಎಂದು ಕೇಳಿದೆ.

"ಹೋಗಿ ನೋಡಿ ಬಂದೀನ್ರಿ ನಾ," ಅಂದಳು. "ಅಂದಿನಿಂದ ಆಕಿ ಸೊಂಟ ಆಡಿಸಿಲ್ಲ. ಮಂದಿ ನೋಡ್ತಾರಂತ ಮನ್ಯಾಗೂ ಅಲುಗದಂಗ ಕುಂದರ್ತಾಳ. ಆ ಬಟ್ಟಿನಷ್ಟು ಜೀವಾನೂ ಈಗ ಇಲ್ರಿ." ನನಗೆ ನೀರು ಬೇಕೇ ಎಂದು ಕೂಡ ಕೇಳಲಿಲ್ಲ. "ನನ್ನ ಮುಂದ ಯಾಕ ಅಳ್ತೀರಿ? ಗೋಗಿ ಬಸ್ ಹೊರಗ ನಿಂತದ," ಅಂದಳು.

ಬಸ್ ನಿಂತಿತ್ತು. ನಾನು ಹತ್ತಲಿಲ್ಲ. ಸಂಸ್ಥೆಯ ಕ್ಷಮೆ ಕೇಳಿದ್ದೇನೆ, ಡಾಕ್ಟರ್‌ಬಾಯಿಯ ಕ್ಷಮೆ ಕೇಳಿದ್ದೇನೆ, ದೇವರ ಕ್ಷಮೆಯನ್ನಂತೂ ದಿನಾ ಕೇಳುತ್ತೇನೆ. ಕೇಳದೆ ಉಳಿದಿರುವುದು ಒಬ್ಬಳದು, ಗೋಗಿಯ ಆ ಹುಡುಗಿಯದು.