ಬಲಗೈಯವರ ಬಿಲ್ಲು

ನನ್ನ ತಮ್ಮ ಎಡಚ ಎಂದು ನಾನು ಹೇಳಲಿಲ್ಲ. ಅಂಗಡಿಯ ಹುಡುಗಿ ನೇರವಾಗಿಯೇ ಕೇಳಿದ್ದಳು, ಇವರು ಎಡಗೈಯವರೋ ಬಲಗೈಯವರೋ ಎಂದು. ತಮ್ಮ ನನ್ನ ಪಕ್ಕದಲ್ಲಿ ನಿಂತಿದ್ದ. ಉತ್ತರ ಹೇಳಲು ಬಾಯಿ ತೆರೆದಿದ್ದ. ಅವನಿಗಿಂತ ಮೊದಲು ನಾನು "ರೈಟ್, ರೈಟ್" ಎಂದುಬಿಟ್ಟೆ. ಮೂವತ್ತೆಂಟು ವರ್ಷದ ಗಂಡಸು ತೆರೆದ ಬಾಯಿಯನ್ನು ಮುಚ್ಚಿಕೊಂಡು ನಕ್ಕ. "ಹೂಂ, ರೈಟ್" ಎಂದ.

ಆ ಹುಡುಗಿಗೆ ಅಷ್ಟು ಸಾಕಾಗಿತ್ತು. ಒಳಗಿನಿಂದ ಬಿಲ್ಲಿನ ಉದ್ದನೆಯ ಪೆಟ್ಟಿಗೆ ತಂದುಕೊಟ್ಟಳು.

ಆ ಪೆಟ್ಟಿಗೆ ನನಗೆ ಹೊಸದಲ್ಲ. ನಾವಿರುವ ಊರಿನ ಪೆನ್‌ರೋಸ್ ಬಡಾವಣೆಯಲ್ಲಿ ಬೇಟೆ, ಮೀನುಗಾರಿಕೆ, ಕ್ಯಾಂಪಿಂಗ್ ಸಾಮಾನು ಮಾರುವ ದೊಡ್ಡ ಕಂಪನಿಯೊಂದರ ಗೋದಾಮಿದೆ. ನಾನು ಅಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಎರಡು ತುದಿಗೂ ಚಕ್ರವಿರುವ ಬೇಟೆಯ ಬಿಲ್ಲುಗಳು ಹದಿನಾಲ್ಕನೇ ಸಾಲಿನಲ್ಲಿರುತ್ತವೆ. ಬಲಗೈಯವರ ಪೆಟ್ಟಿಗೆಗಳು ಸೊಂಟದ ಎತ್ತರದಲ್ಲಿ, ಕೈಗೆ ಸಿಗುವ ಹಾಗೆ. ಎಡಗೈಯವರದ್ದು ಕೆಳಗಿನ ಹಲಗೆಯಲ್ಲಿ. ಅವುಗಳಿಗೆ ಗಿರಾಕಿ ಕಡಿಮೆ, ತೆಗೆಯುವಾಗ ಧೂಳು ಒರೆಸಬೇಕು. ಅಂದರೆ ಎಡಗೈಯವರಿಗೆ ಬೇರೆ ಬಿಲ್ಲು ಇದೆ ಎಂಬುದು ನನಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ನಾನೇ ಬಗ್ಗಿ ತೆಗೆದವಳು, ಒರೆಸಿದವಳು.

ತಮ್ಮ ಮೈಸೂರು ಬಿಟ್ಟು ಈ ದೇಶಕ್ಕೆ ಬಂದು ನಾಲ್ಕು ವರ್ಷ. ನಮ್ಮ ಮನೆಯಲ್ಲೇ, ಹಿಂದಿನ ರೂಮಿನಲ್ಲಿ ಇದ್ದಾನೆ. ಮರದ ಡಿಪೋದಲ್ಲಿ ಕೆಲಸ. ಅಲ್ಲಿಯ ಜೊತೆಗಾರರು ರಜೆ ಬಂದರೆ ಗುಡ್ಡಗಳಿಗೆ ಮೇಕೆ, ಜಿಂಕೆ ಹೊಡೆಯಲು ಹೋಗುತ್ತಾರೆ. ಬಂದೂಕಿಗೆ ಲೈಸೆನ್ಸ್ ಬೇಕು, ಬಿಲ್ಲಿಗೆ ಬೇಡ. ಅವರ ಜೊತೆ ಒಂದೆರಡು ಸಲ ಹೋಗಿ ಬಂದವನೇ ಅಡುಗೆಮನೆಯಲ್ಲಿ ನಿಂತು ಅದರದ್ದೇ ಮಾತು. ಊರಿನಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಸ್ವಂತದ್ದೊಂದು ಬಿಲ್ಲು ಕೊಡಿಸಬೇಕು ಎಂದು ನನಗೆ ಆಸೆಯಾಯಿತು.

ಅವನಿಗೆ ಬೇರೆ ಅಂಗಡಿ ಮನಸ್ಸಿನಲ್ಲಿತ್ತು.

"ಆಲ್ಬನಿ ದಾಟಿದ್ ಮೇಲೆ ಒಬ್ರು ಅಂಕಲ್ ಅವ್ರೆ ಅಕ್ಕ. ಮನೆ ಹಿಂದ್ಗಡೆ ಶೆಡ್ಡಲ್ಲೇ ಅಂಗಡಿ. ತೋಳು, ಭುಜ ಎಲ್ಲಾ ಅಳತೆ ತಗೊಂಡು, ನಿಲ್ಲಿಸಿ ಹೊಡ್ಸಿ ನೋಡಿ ಆಮೇಲೇ ಬಿಲ್ಲು ಕೊಡೋದು. ಎರಡ್ಮೂರ್ ಸಲ ಹೋಗ್ಬೇಕು."

"ಅಳತೆನಾ? ಮದ್ವೆಗೆ ಸೂಟ್ ಹೊಲಿಸ್ತಿದೀಯೇನೋ?"

"ಹಂಗಲ್ಲಕ್ಕ..."

"ನಾನೇ ದಿನಾ ಪ್ಯಾಕ್ ಮಾಡೋ ಬಿಲ್ಲು ಬಿಟ್ಟು ಯಾರ್ದೋ ಶೆಡ್ಡಿಗೆ ಯಾಕೋ ಹೋಗೋದು? ನಮ್ ಕಂಪನಿ ಅಂಗಡಿ ಆಲ್ಬನಿ ಮಾಲಲ್ಲೇ ಐತೆ. ಅರ್ಧ ಗಂಟೆ ಕೆಲ್ಸ."

"ಸರಿ ಬುಡಕ್ಕ, ನೀನ್ ಹೇಳ್ದಂಗೆ" ಎಂದ.

ನಾನು ಹೇಳಿದಂತೆಯೇ ಅವನು ಬೆಳೆದದ್ದು. ನಾನು ಏಳನೇ ಕ್ಲಾಸು ಮುಗಿಸಿದ ವರ್ಷ ಅಮ್ಮ ಊದುಬತ್ತಿ ಕಾರ್ಖಾನೆಗೆ ಹೋಗಲು ಶುರು ಮಾಡಿದಳು. ಅವನಿಗೆ ಐದು ವರ್ಷ. ನೋಡಿಕೊಳ್ಳಲು ನಾನು ಮನೆಯಲ್ಲಿ ಉಳಿದೆ. ಮೈಸೂರಿನ ವಠಾರ, ಒಂದು ಕೋಣೆ, ಬಾಗಿಲಿಗೆ ನಾಲ್ಕು ಮೆಟ್ಟಿಲು. ಅವನು ಎಲ್ಲದಕ್ಕೂ ಎಡಗೈ ಚಾಚುತ್ತಿದ್ದ. ಅನ್ನ ಕಲಸುವುದಕ್ಕೂ ಅದೇ. ಒಂದು ಮದುವೆ ಮನೆಯಲ್ಲಿ ಎದುರು ಸಾಲಿನ ಹಿರಿಯರೊಬ್ಬರು ಅವನು ಎಡಗೈಯಲ್ಲಿ ಉಣ್ಣುವುದನ್ನು ಕಂಡು ಎಲೆ ಬಿಟ್ಟು ಎದ್ದುಹೋದರು. ಮನೆಗೆ ಬಂದ ಮೇಲೆ ಅಮ್ಮ ಅವನಿಗೆ ಏನೂ ಅನ್ನಲಿಲ್ಲ. ನನಗೆ ಹೇಳಿದಳು: "ಸ್ಕೂಲಿಗೆ ಸೇರ್ಸೋದ್ರೊಳಗೆ ಅವನ್ ಕೈ ಸರಿ ಮಾಡು. ಅದೊಂದು ನಿನ್ ಜವಾಬ್ದಾರಿ."

ಮೊದಲು ಕೈ ಮೇಲೆ ಹೊಡೆದು ನೋಡಿದೆ. ಕೇಳಲಿಲ್ಲ. ಆಮೇಲೆ ನನ್ನ ಜಡೆಯ ಟೇಪು ಬಿಚ್ಚಿ ಅವನ ಎಡಗೈಯನ್ನು ಬೆನ್ನ ಹಿಂದೆ ತಂದು ಉಡಿದಾರಕ್ಕೆ ಕಟ್ಟಿಬಿಡುತ್ತಿದ್ದೆ. ಊಟದ ಹೊತ್ತು, ಸ್ಲೇಟು ಹಿಡಿಯುವ ಹೊತ್ತು. ಬರಬರುತ್ತಾ, ನನಗೆ ಕೆಲಸವಿದ್ದರೆ ಬೆಳಗ್ಗೆ ಕಟ್ಟಿದ್ದನ್ನು ಅಮ್ಮ ಬರುವ ಸ್ವಲ್ಪ ಮುಂಚೆ ಬಿಚ್ಚುತ್ತಿದ್ದೆ. ಅವನು ಅಳುವುದನ್ನು ಬೇಗ ಬಿಟ್ಟ. ಟೇಪು ತೆಗೆದುಕೊಂಡರೆ ತಾನೇ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

ಒಂದು ದಿನ ಕಟ್ಟಿದ ಕೈಯಲ್ಲೇ ಮೆಟ್ಟಿಲಿನಿಂದ ಬಿದ್ದ. ಬೀಳುವವರು ಮೊದಲು ಊರುವುದು ಯಾವ ಕೈಯೋ ಅದು ಅವನ ಬೆನ್ನ ಹಿಂದೆ ಇತ್ತು. ಗಲ್ಲ ಕಲ್ಲಿಗೆ ಬಡಿದು ಸೀಳಿತು. ನಾನು ಓಡಿಹೋಗಿ ಮೊದಲು ಮಾಡಿದ್ದು ರಕ್ತ ಒತ್ತಿ ಹಿಡಿಯುವುದಲ್ಲ. ಟೇಪು ಬಿಚ್ಚಿದ್ದು. ಸಂಜೆ ಅಮ್ಮನಿಗೆ, "ಓಡ್ಬೇಡ ಅಂದ್ರೂ ಓಡ್ದ" ಎಂದೆ. ಹೊಲಿಗೆ ಹಾಕಿದ ಗಲ್ಲದಲ್ಲೇ ಅವನು ಅಮ್ಮನ ಕೈಯಲ್ಲಿ ಎರಡೇಟು ತಿಂದ. ನನ್ನನ್ನು ನೋಡಿದ. ಈಗ ಗಡ್ಡ ಬಿಟ್ಟಿದ್ದಾನೆ, ಗುರುತು ಕಾಣುವುದಿಲ್ಲ. ಅಮ್ಮ ತೀರಿಹೋಗುವವರೆಗೂ ಅವನು ಓಡಿಯೇ ಬಿದ್ದದ್ದು ಎಂದುಕೊಂಡಿದ್ದಳು.

ಕೈ "ಸರಿಯಾಯಿತು". ಈಗ ಅವನು ಬಲಗೈಯಲ್ಲಿ ಉಣ್ಣುತ್ತಾನೆ, ಬರೆಯುತ್ತಾನೆ. ಒಬ್ಬನೇ ಇದ್ದಾಗ ಈರುಳ್ಳಿ ಹೆಚ್ಚುವ ಚಾಕು ಎಡಗೈಯಲ್ಲಿರುತ್ತದೆ. ನಾನು ಅಡುಗೆಮನೆಗೆ ಕಾಲಿಟ್ಟರೆ ಅದು ಬಲಗೈಗೆ ದಾಟುತ್ತದೆ. ಈಗಲೂ. ನಾನು ನೋಡಿಲ್ಲದವಳಂತೆ ಸಾರಿನ ಪಾತ್ರೆ ಇಳಿಸುತ್ತೇನೆ.

ಇಂಥವನಿಗೆ ನಾನು ಬಲಗೈಯವರ ಬಿಲ್ಲು ತಂದುಕೊಟ್ಟೆ. ಬಲಗೈಯಲ್ಲಿ ಹೆದೆ ಎಳೆದು, ಬಲಗಣ್ಣಿನಿಂದ ಗುರಿ ನೋಡುವವರ ಬಿಲ್ಲು. ಅದನ್ನು ತಿರುಗಿಸಿ ಹಿಡಿಯಲು ಬರುವುದಿಲ್ಲ.

ಭಾನುವಾರಗಳಲ್ಲಿ ಅವನ ಜೊತೆಗಾರನೊಬ್ಬನ ಫಾರ್ಮಿನಲ್ಲಿ ಅಭ್ಯಾಸ. ನಾನೂ ಪುಳಿಯೋಗರೆ ಡಬ್ಬಿ ಹಿಡಿದು ಹೋಗುತ್ತಿದ್ದೆ. ಹುಲ್ಲಿನ ಕಟ್ಟಿಗೆ ಊಟದ ತಟ್ಟೆಯಷ್ಟು ಅಗಲದ ಕಾಗದ ಅಂಟಿಸಿದ್ದರು. ಅವನ ಬಾಣ ಹುಲ್ಲಿನ ಅಂಚಿಗೆ ತಾಗಿದರೆ ಹೆಚ್ಚು.

"ಗುಡ್ಡದ ಮೇಕೆಗಳೆಲ್ಲ ನಿನಗೆ ಥ್ಯಾಂಕ್ಸ್ ಹೇಳಿ ಕಳಿಸಿವೆ ಬ್ರೋ" ಎಂದು ಫಾರ್ಮಿನವನು ನಗುತ್ತಿದ್ದ.

"ಅವಕ್ಕೆ ಭಯ ಆಗ್ಲಿ ಅಂತ ಹೊಡೀತಿದೀನಿ ಅಷ್ಟೇ" ಎಂದು ತಮ್ಮನೂ ನಗುತ್ತಿದ್ದ. ನನ್ನ ಕಡೆ ತಿರುಗಿ, "ಬಿಲ್ಲು ಸೂಪರ್ ಅಕ್ಕ. ನಾನೇ ಸರಿ ಇಲ್ಲ" ಎನ್ನುತ್ತಿದ್ದ.

ಈಸ್ಟರ್ ರಜೆಗೆ ಅವರೆಲ್ಲ ಜಿಂಕೆ ಬೇಟೆಗೆ ಹೊರಟಿದ್ದರು. ನಗುವ ಫಾರ್ಮಿನವನು ಒಂದು ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ಐದು ಬಾಣ ಆ ಕಾಗದದೊಳಗೆ ಬೀಳಬೇಕು, ಪ್ರಾಣಿಗೆ ಗಾಯ ಮಾಡಿ ಬಿಟ್ಟುಬರುವವನನ್ನು ತಾನು ಕರೆದುಕೊಂಡು ಹೋಗುವುದಿಲ್ಲ ಎಂದಿದ್ದ. ತಮ್ಮ ಕೆಲಸದಿಂದ ಬಂದ ಕೂಡಲೇ ಹಿತ್ತಲಿನಲ್ಲಿ ನಿಂತು ಬಾಣವಿಲ್ಲದೆ ಹೆದೆ ಎಳೆದು ಎಳೆದು ನೋಡುತ್ತಿದ್ದ. ಬಲಭುಜ ಊದಿಕೊಂಡಿತು. ಡಿಪೋದಲ್ಲಿ ಹಲಗೆ ಎತ್ತಲು ಆಗದೆ ಎರಡು ದಿನ ರಜೆ ಹಾಕಿದ. ನಾನು ಎಣ್ಣೆ ಬಿಸಿ ಮಾಡಿ ಭುಜ ತಿಕ್ಕಿದೆ. "ವಾಪಸ್ ಕೊಟ್ಬಿಡೋಣ್ವಾ?" ಎಂಬ ಮಾತು ನಾಲಗೆಯ ತುದಿಯವರೆಗೆ ಬರುತ್ತಿತ್ತು. ಹೆದೆ ಎಳೆದ ಬಿಲ್ಲನ್ನು ನಮ್ಮ ಕಂಪನಿ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ನನಗೇ ಗೊತ್ತಿತ್ತು. ತೆಗೆದುಕೊಂಡರೂ, ಯಾಕೆ ವಾಪಸ್ ಎಂದು ಹೇಳಬೇಕಾಗುತ್ತಿತ್ತು. ಅಕ್ಕ ಕೊಡಿಸಿದ್ದು ಎಂದು ಅವನು ಬಿಡಲಾರ, ಬಿಡು ಎನ್ನಲು ನಾನು ಬಾಯಿ ತೆಗೆಯಲಾರೆ. ಗೋದಾಮಿನಲ್ಲಿ ಎಡಗೈಯ ಪೆಟ್ಟಿಗೆಗೆ ಆರ್ಡರ್ ಬಂದರೆ ಆ ಕೆಳಗಿನ ಹಲಗೆಗೆ ಬಗ್ಗಲು ನನಗೆ ಮನಸ್ಸಾಗುತ್ತಿರಲಿಲ್ಲ. ನನಗೆ ಸೊಂಟ ನೋವು ಎಂದು ಜೊತೆಯವಳಿಗೆ ಹೇಳಿ ಅವಳ ಕೈಯಲ್ಲಿ ತೆಗೆಸುತ್ತಿದ್ದೆ.

ಈಸ್ಟರ್‌ಗೆ ಎರಡು ವಾರ ಇರುವಾಗ ಅವನೇ ಹೇಳಿದ. "ಅಕ್ಕ, ಆ ಶೆಡ್ ಅಂಕಲ್ ಹತ್ರ ಒಂದ್ಸಲ ತೋರಿಸ್ಕೊಂಡ್ ಬರೋಣ. ಒಸಿ ಟೈಟು ಲೂಸು ಏನಾದ್ರೂ ಮಾಡ್ತಾರೆ. ಭುಜ ನೋವು, ನೀನೇ ಓಡ್ಸು ಕಾರು."

ಬರುವುದಿಲ್ಲ ಎನ್ನಲು ಕಾರಣ ಹುಡುಕಿದೆ. ಸಿಗಲಿಲ್ಲ.

ಶೆಡ್ಡು ನಮ್ಮ ಹಿಂದಿನ ರೂಮಿಗಿಂತ ಸ್ವಲ್ಪ ದೊಡ್ಡದು. ಅಂಗಡಿಯ ಮುದುಕ ನಮ್ಮ ಬಿಲ್ಲನ್ನು ಮುಟ್ಟಲೂ ಇಲ್ಲ. ತಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ತನ್ನ ಮೂಗನ್ನು ನೋಡಲು ಹೇಳಿದ. ನಾನು ಮುದುಕನ ಪಕ್ಕದಲ್ಲೇ ನಿಂತಿದ್ದೆ. ಕಿಂಡಿಯಲ್ಲಿ ಕಂಡದ್ದು ತಮ್ಮನ ಎಡಗಣ್ಣು; ಗುರಿ ಹಿಡಿಯುವ ಕಣ್ಣು ಅದೇ.

"ಚೆಂಡು ಯಾವ ಕೈಯಲ್ಲಿ ಎಸೆಯುತ್ತೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ತಮ್ಮ ನನ್ನ ಮುಖ ನೋಡಿದ.

ಮುದುಕ ಗೋಡೆಯಿಂದ ಎಡಗೈಯವರ ಹಳೆಯ ಬಿಲ್ಲೊಂದನ್ನು ತೆಗೆದು ಅವನ ಬಲಗೈಗೆ ಕೊಟ್ಟು, ಎಡಗೈಯಿಂದ ಹೆದೆ ಎಳೆಯಲು ಹೇಳಿದ. ತಮ್ಮ ಎಳೆಯಲಿಲ್ಲ. ಎಡಗೈ ಹೆದೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಮತ್ತೆ ನನ್ನನ್ನು ನೋಡಿದ. ಆ ನೋಟ ನನಗೆ ಗೊತ್ತಿತ್ತು. ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತು, ಕೈ ಹಾಕುವ ಮೊದಲು ಹೀಗೇ ನೋಡುತ್ತಿದ್ದ.

"ಎಳಿಯೋ" ಎಂದೆ.

ಶೆಡ್ಡಿನ ಬಾಗಿಲಿನಾಚೆ ಇಲ್ಲೂ ಕಾಗದ ಅಂಟಿಸಿದ ಹುಲ್ಲಿನ ಕಟ್ಟು ಇತ್ತು. ಮೊದಲ ಬಾಣ ಹುಲ್ಲಿಗೆ ಬಿತ್ತು. ಎರಡನೆಯದು ಕಾಗದದ ಅಂಚಿಗೆ. ಮೂರನೆಯದು ಒಳಗೆ, ನಾಲ್ಕನೆಯದು ಅದರ ಪಕ್ಕದಲ್ಲೇ. ಎಡಭುಜ ನೀರು ಸೇದುವವರ ಭುಜದಂತೆ ಸಲೀಸಾಗಿ ಹಿಂದಕ್ಕೆ ಬರುತ್ತಿತ್ತು. ತಮ್ಮ ನಗಲಿಲ್ಲ. ಬಿಲ್ಲು ಇಳಿಸಿ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡ.

"ನೀನು ಹುಟ್ಟಾ ಎಡಚ. ಅಲ್ಲ ಅಂತ ನಿನಗೆ ಹೇಳಿದವರು ಯಾರು?" ಎಂದ ಮುದುಕ.

"ಸ್ಕೂಲ್" ಎಂದ ತಮ್ಮ, ಥಟ್ಟನೆ. "ನಮ್ಮ ಕಡೆ ಸ್ಕೂಲಲ್ಲಿ ಹಾಗೆ."

ಮುದುಕ ತಲೆಯಾಡಿಸಿ, ಬೇಟೆ ಮುಗಿಯುವ ತನಕ ತನ್ನ ಆ ಎಡಗೈ ಬಿಲ್ಲನ್ನೇ ಒಯ್ಯಲು ಹೇಳಿದ. ನಾನು ಅಲ್ಲೇ ಹೇಳಬೇಕಿತ್ತು. ಕಾರಿನ ಬೀಗದ ಕೈ ಹುಡುಕುವವಳಂತೆ ಬ್ಯಾಗಿನೊಳಗೆ ಮುಖ ಹಾಕಿದೆ.

ವಾಪಸ್ ಬರುವಾಗ ಮನೆ ಕಡೆಗೆ ದಾಟಬೇಕಾದ ಸೇತುವೆಗೆ ಇನ್ನೂ ದೂರವಿರುವಾಗಲೇ ಮೋಟಾರ್‌ವೇ ನಿಂತುಹೋಯಿತು. ಮುಂದೆ, ಪಕ್ಕದಲ್ಲಿ, ಕನ್ನಡಿಯಲ್ಲಿ, ಎಲ್ಲ ಕಡೆ ಕಾರು. ಬಾಗಿಲು ತೆಗೆದು ಇಳಿಯುವ ಹಾಗೂ ಇಲ್ಲ. ಹಿಂದಿನ ಸೀಟಿನಲ್ಲಿ ಎರಡು ಬಿಲ್ಲು.

"ಹಸಿವಾಯ್ತಾ?" ಎಂದೆ.

"ಇಲ್ಲ."

ಒಂದು ಕಾರಿನಷ್ಟು ಮುಂದೆ ಹೋಗಿ ಮತ್ತೆ ನಿಂತೆವು.

"ನೀನ್ ಕೊಡ್ಸಿದ್ದನ್ನ ಮಾರಲ್ಲ ಅಕ್ಕ" ಎಂದ. "ಗೋಡೆಗೆ ಹಾಕ್ಕೋತೀನಿ. ಚೆನ್ನಾಗ್ ಕಾಣ್ತದೆ."

"ಸ್ಕೂಲು ಅಂತ ಯಾಕೋ ಹೇಳ್ದೆ?"

ಅವನು ಕಿಟಕಿಯ ಕಡೆ ತಿರುಗಿದ. ಗಡ್ಡದೊಳಗೆ ಬೆರಳು ಹಾಕಿ ಗಲ್ಲ ಕೆರೆದುಕೊಂಡ, ಎಡಗೈಯಲ್ಲಿ. "ಇನ್ನೇನ್ ಹೇಳ್ಲಿ ಅವ್ರಿಗೆ, ಬುಡು" ಎಂದ.

ಹಿಂದಿನವರು ಹಾರ್ನ್ ಹೊಡೆದರು. ಮುಂದೆ ಜಾಗವಾಗಿತ್ತು. ನಾನು ಕಾರು ತೆಗೆಯಲಿಲ್ಲ.

"ನೀನು ಓಡಿ ಬೀಳ್ಲಿಲ್ಲ ಕಣೋ" ಎಂದೆ. "ನಾನ್ ಕೈ ಕಟ್ಟಿದ್ದೆ. ಕಟ್ಟಿ ಮರ್ತು ಬಟ್ಟೆ ಒಗೆಯೋಕೆ ಹೋಗಿದ್ದೆ. ಅಮ್ಮನ್ ಹತ್ರ ಸುಳ್ಳು ಹೇಳಿ ನಿಂಗೆ ಏಟು ತಿನ್ಸಿದೆ. ಅವತ್ತು ಆ ಅಂಗಡೀಲೂ ನಿನ್ ಬಾಯಿ ನಾನೇ ಮುಚ್ಚಿಸ್ದೆ. ನನ್ ತಪ್ಪು ಕಣಪ್ಪ. ನಿನ್ ಕೈ ಸರಿಯಾಗೇ ಇತ್ತು. ನನ್ನ ಕ್ಷಮಿಸ್ಬುಡು."